ಶೆಂಟನ್ ಪಾರ್ಕಿನ ಮೂಳೆವೈದ್ಯ: ಜಾರ್ಜ್ ಬೆಡ್‌ಬ್ರೂಕ್ ಮತ್ತು ಬೆನ್ನುಹುರಿಗೆ ಪೆಟ್ಟಾದವರ ಬದುಕು

(ಮಲೆನಾಡಿನ ಜಿಲ್ಲಾ ಕೇಂದ್ರವೊಂದರಲ್ಲಿ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಬೆನ್ನುಹುರಿಗೆ ಪೆಟ್ಟಾದವರು, ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆನ್ನುಮೂಳೆ ಮುರಿದವರನ್ನು ಆಸ್ಪತ್ರೆಗೆ ಹೊತ್ತು ತಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಯಾವ ಊರಿನಲ್ಲಾದರೂ ಒಂದೇ: ಆಪರೇಷನ್ ಮಾಡಿದರೆ ನಡೆಯುತ್ತಾರಾ? ಎರಡನೆಯ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕೆಂಬುದು ಅವರಿಗೆ ಹೊಳೆಯುವುದೂ ಇಲ್ಲ. ನಡೆಯಲು ಆಗದಿದ್ದರೆ ಮುಂದಿನ ನಲವತ್ತು ವರ್ಷ ಈ ಮನುಷ್ಯ ಬದುಕುವುದು ಹೇಗೆ? ರಾತ್ರಿ ಇವರ ಮಗ್ಗುಲು ಬದಲಿಸುವವರು ಯಾರು? ಮೂತ್ರ ಕಟ್ಟಿದರೆ ಏನು ಮಾಡಬೇಕು? ಸಂಪಾದನೆ ಎಲ್ಲಿಂದ?

ಈ ಎರಡನೆಯ ಪ್ರಶ್ನೆಯನ್ನೇ ತನ್ನ ವೃತ್ತಿಯ ಕೇಂದ್ರಕ್ಕೆ ತಂದುಕೊಂಡ ಮೂಳೆ ಶಸ್ತ್ರಚಿಕಿತ್ಸಕರೊಬ್ಬರ ಬಗ್ಗೆ ಇಂದು ಮಾತನಾಡುತ್ತೇನೆ. ಅವರ ಹೆಸರು ಜಾರ್ಜ್ ಬೆಡ್‌ಬ್ರೂಕ್. ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್ ನಗರದಲ್ಲಿ ಕೆಲಸ ಮಾಡಿದವರು. ನಮ್ಮ ಪಠ್ಯಪುಸ್ತಕಗಳಲ್ಲಿ ರಾಡು, ಸ್ಕ್ರೂ ಕಂಡುಹಿಡಿದವರ ಹೆಸರುಗಳು ಬರುತ್ತವೆ, ಮುರಿತಗಳನ್ನು ವರ್ಗೀಕರಿಸಿದವರ ಹೆಸರುಗಳು ಬರುತ್ತವೆ. ಬೆಡ್‌ಬ್ರೂಕರ ಹೆಸರಿನಲ್ಲಿ ಯಾವ ಸ್ಕ್ರೂ ಕೂಡ ಇಲ್ಲ. ಹಾಗಾಗಿಯೇ ನಮ್ಮ ವಿದ್ಯಾರ್ಥಿಗಳಿಗೆ ಅವರ ಪರಿಚಯ ಕಡಿಮೆ. ನನಗೆ ಮಾತ್ರ, ಬೆನ್ನುಹುರಿಯ ಗಾಯಕ್ಕೆ ಚಿಕಿತ್ಸೆ ಕೊಡುವ ಮೂಳೆವೈದ್ಯ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಮೊದಲು ನೆನಪಾಗುವವರು ಅವರೇ.

ಮೊದಲು ಗಾಯ ಎಂದರೆ ಏನೆಂದು ಹೇಳಿಬಿಡುತ್ತೇನೆ. ಸಭೆಯಲ್ಲಿರುವ ಎಲ್ಲರೂ ವೈದ್ಯರಲ್ಲ.

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆಯ ಮಣಿಗಳು ಒಂದರ ಮೇಲೊಂದು ಕೂತು ಆಗಿರುವ ಕೊಳವೆಯೊಳಗೆ ಮಿದುಳಿನಿಂದ ಇಳಿದು ಬರುವ ನರತಂತುಗಳ ಕಟ್ಟು ಬೆನ್ನುಹುರಿ. ವಯಸ್ಕರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬಿಡಿ ನರಗಳಷ್ಟೇ. ಮೂಳೆ ಮುರಿದರೂ ಹುರಿಗೆ ಏನೂ ಆಗದೆ ಉಳಿದವರು ಬಹಳ ಮಂದಿ ಇದ್ದಾರೆ. ಅವರು ಪುಣ್ಯವಂತರು. ಹುರಿಗೆ ಪೆಟ್ಟಾದರೆ, ಪೆಟ್ಟಾದ ಜಾಗದಿಂದ ಕೆಳಗಿನ ಸ್ವಾಧೀನ ಹೋಗುತ್ತದೆ. ಎದೆಯ ಮಟ್ಟದಲ್ಲಿ ಆದರೆ ಕಾಲುಗಳು ಹೋಗುತ್ತವೆ, ಕೈ ಉಳಿಯುತ್ತದೆ. ಕುತ್ತಿಗೆಯಲ್ಲಿ ಆದರೆ ಕೈಗಳೂ ಹೋಗುತ್ತವೆ. ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಗಳು ಉಸಿರಾಟದ ವಪೆಯನ್ನು ನಡೆಸುತ್ತವೆ. ಅದಕ್ಕಿಂತ ಮೇಲೆ ಪೆಟ್ಟಾದರೆ ಉಸಿರೇ ನಿಲ್ಲಬಹುದು.

ಜನರ ಕಣ್ಣಿಗೆ ಬೀಳುವುದು ಕಾಲು ಮಾತ್ರ. ಆದರೆ ಹಿಂದಿನ ಕಾಲದಲ್ಲಿ ಈ ರೋಗಿಗಳನ್ನು ಕೊಂದದ್ದು ಕಾಲಿನ ಸ್ವಾಧೀನ ತಪ್ಪಿದ್ದಲ್ಲ. ಚರ್ಮಕ್ಕೆ ನೋವು ತಿಳಿಯದ ಕಾರಣ ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಮಲಗಿದರೂ ಗೊತ್ತಾಗುವುದಿಲ್ಲ. ಬೆನ್ನಿನ ತಳದ ಮೂಳೆಯಾದ ತ್ರಿಕಾಸ್ಥಿಯ ಮೇಲೆ, ಹಿಮ್ಮಡಿಯ ಮೇಲೆ, ಕುಂಡಿಯ ಮೂಳೆಯ ಮೇಲೆ ಹಾಸಿಗೆ ಹುಣ್ಣು ಏಳುತ್ತದೆ. ಅದು ಮೂಳೆಯವರೆಗೆ ಕೊಳೆಯುತ್ತದೆ. ಮೂತ್ರಕೋಶ ತಾನಾಗಿ ಖಾಲಿಯಾಗದೆ ಸೋಂಕಾಗಿ, ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ಹುಣ್ಣಿನ ನಂಜು ಮತ್ತು ಮೂತ್ರದ ನಂಜು, ಈ ಎರಡೇ ಬಹುಪಾಲು ಜನರ ಪ್ರಾಣ ತೆಗೆದವು.

ಸುಮಾರು ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಕತ್ತಿನ ಮೂಳೆ ಜರುಗಿ ಕೈಕಾಲಿನ ಅರಿವು ತಪ್ಪಿದವನ ಲಕ್ಷಣಗಳನ್ನು ಬಹಳ ನಿಖರವಾಗಿ ವರ್ಣಿಸಿ, ಕೊನೆಗೆ ಇದು ಚಿಕಿತ್ಸೆ ಮಾಡಬಾರದ ರೋಗ ಎಂದು ಬರೆಯುತ್ತದೆ. ಮೊದಲ ಮಹಾಯುದ್ಧದವರೆಗೂ ವೈದ್ಯರು ಆ ಮಾತಿನಿಂದ ಹೆಚ್ಚು ದೂರ ಬಂದಿರಲಿಲ್ಲ. ಆ ಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಹತ್ತರಲ್ಲಿ ಎಂಟು ಮಂದಿ ಹೆಚ್ಚು ಕಾಲ ಬದುಕಲಿಲ್ಲ ಎಂಬುದು ವೈದ್ಯಕೀಯ ಇತಿಹಾಸದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಲೆಕ್ಕ.

ಈ ಕಥೆ ತಿರುಗಿದ್ದು ಲುಡ್‌ವಿಗ್ ಗುಟ್‌ಮನ್ ಅವರಿಂದ. ಅವರು ಮೂಳೆವೈದ್ಯರಲ್ಲ, ನರತಜ್ಞರು, ಜರ್ಮನಿಯ ಯಹೂದಿ. 1917ರಲ್ಲಿ, ಇನ್ನೂ ಹದಿಹರೆಯದಲ್ಲಿ, ಆಸ್ಪತ್ರೆಯೊಂದರಲ್ಲಿ ಸೇವಕರಾಗಿದ್ದಾಗ ಬೆನ್ನು ಮುರಿದ ಕಲ್ಲಿದ್ದಲು ಗಣಿಯ ಕಾರ್ಮಿಕನೊಬ್ಬನನ್ನು ನೋಡಿದರು. ಗಟ್ಟಿಮುಟ್ಟಾದ ಆಳು. ಇವನು ಕೆಲವೇ ವಾರಗಳಲ್ಲಿ ಸಾಯುತ್ತಾನೆ, ಹೆಚ್ಚು ಬರೆದುಕೊಳ್ಳುವ ಅಗತ್ಯವಿಲ್ಲ ಎಂದು ಅಲ್ಲಿನವರು ಹೇಳಿದರು, ಹಾಗೆಯೇ ಆಯಿತು. ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಗುಟ್‌ಮನ್ ಅವರಿಗೆ 1944ರ ಫೆಬ್ರುವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಹೊಸ ಬೆನ್ನುಹುರಿ ಘಟಕವನ್ನು ವಹಿಸಲಾಯಿತು. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಪ್ರತಿ ರೋಗಿಯ ಮಗ್ಗುಲು ಬದಲಿಸಬೇಕು. ಮೂತ್ರವನ್ನು ಶುದ್ಧ ಕ್ರಮದಲ್ಲಿ ತೆಗೆಯಬೇಕು. ಸಾಧ್ಯವಾದಷ್ಟು ಬೇಗ ಎಬ್ಬಿಸಿ ಕೂರಿಸಿ ಕೆಲಸಕ್ಕೆ ಹಚ್ಚಬೇಕು. ಹೊಸ ಔಷಧಿ ಒಂದೂ ಇಲ್ಲದ ಪಟ್ಟಿ ಇದು. ಇಷ್ಟರಿಂದಲೇ ರೋಗಿಗಳು ಸಾಯುವುದು ಕಡಿಮೆಯಾಯಿತು. ಪೆನಿಸಿಲಿನ್ ನೆರವಿಗೆ ಬಂದದ್ದು ನಿಜ. ಆದರೆ ರಾತ್ರಿ ಎರಡು ಗಂಟೆಗೆ ರೋಗಿಯ ಮಗ್ಗುಲು ಬದಲಿಸುವ ಕೆಲಸವನ್ನು ಪೆನಿಸಿಲಿನ್ ಮಾಡುವುದಿಲ್ಲ.

ಇನ್ನು ಬೆಡ್‌ಬ್ರೂಕ್. 1921ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದರು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಇಂಗ್ಲೆಂಡಿನಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದು, 1953ರಲ್ಲಿ ಪರ್ತ್‌ಗೆ ಬಂದರು. ಮರುವರ್ಷವೇ, 1954ರಲ್ಲಿ, ರಾಯಲ್ ಪರ್ತ್ ಆಸ್ಪತ್ರೆಯ ಶೆಂಟನ್ ಪಾರ್ಕ್ ಶಾಖೆಯಲ್ಲಿ ಬೆನ್ನುಹುರಿ ಗಾಯಾಳುಗಳ ಘಟಕ ಶುರುವಾಯಿತು. ಆಸ್ಟ್ರೇಲಿಯಾದಲ್ಲಿ ಅದೇ ಮೊದಲನೆಯದು.

ಆ ಜಾಗದ ಹಿನ್ನೆಲೆ ತಿಳಿದುಕೊಳ್ಳುವಂಥದ್ದು. ಶೆಂಟನ್ ಪಾರ್ಕ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಾಗಿತ್ತು, ಊರಿನವರು ದೂರ ಇಡುತ್ತಿದ್ದ ಜಾಗ. ಐವತ್ತರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಪೋಲಿಯೋ ಬಂದು ಹೋಯಿತು. ಕೈಕಾಲು ಸೋತ ಮಕ್ಕಳು, ತರುಣರು ಅಲ್ಲಿ ತುಂಬಿದರು. ಅವರಿಗಾಗಿ ಬಂದ ಫಿಸಿಯೋಥೆರಪಿಸ್ಟರು, ಕೈಕಾಲಿಗೆ ಆಸರೆಯ ಸಾಧನ ತಯಾರಿಸುವವರು, ವ್ಯಾಯಾಮ ಕಲಿಸುವವರು ಅಲ್ಲೇ ಇದ್ದರು. ಅದೇ ಕಾಲದಲ್ಲಿ ಅತ್ತ ರಸ್ತೆ, ಗಣಿ, ಹೊಲಗಳಿಂದ ಬೆನ್ನು ಮುರಿದವರು ಬರುತ್ತಿದ್ದರು. ಇಬ್ಬರನ್ನೂ ಒಂದೇ ಅಂಗಳದಲ್ಲಿ ಕೂಡಿಸಿದ್ದು ಬೆಡ್‌ಬ್ರೂಕರ ಜಾಣ್ಮೆ ಎಂದು ನಾನು ತಿಳಿದಿದ್ದೇನೆ. ಹೊಸ ಕಟ್ಟಡಕ್ಕಾಗಿ ಕಾಯದೆ ಇದ್ದುದರಲ್ಲೇ ಶುರು ಮಾಡಿದರು.

ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ವಿಸ್ತೀರ್ಣ 25 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಕರ್ನಾಟಕದಂಥ ಹದಿಮೂರು ರಾಜ್ಯಗಳು ಅದರಲ್ಲಿ ಹಿಡಿಸುತ್ತವೆ. ಜನಸಂಖ್ಯೆಯೋ ಬಹಳ ಕಡಿಮೆ. ಉತ್ತರದ ಯಾವುದೋ ದನದ ಕಾವಲಿನಲ್ಲಿ ಕುದುರೆಯಿಂದ ಬಿದ್ದವನನ್ನು ಪರ್ತ್‌ಗೆ ತರಬೇಕೆಂದರೆ ವಿಮಾನವೇ ಬೇಕು. ಇಂಥ ರಾಜ್ಯದಲ್ಲಿ ಬೆನ್ನುಹುರಿಯ ಗಾಯಾಳುಗಳನ್ನು ಊರೂರಿನ ಆಸ್ಪತ್ರೆಗಳಿಗೆ ಹಂಚದೆ ಒಂದೇ ಘಟಕದಲ್ಲಿ ನೋಡಿಕೊಳ್ಳಬೇಕು ಎಂಬ ಹಟ ಸುಲಭದ್ದಲ್ಲ. ಆದರೆ ಅದರ ತರ್ಕ ಸರಿಯಾಗಿತ್ತು. ವರ್ಷಕ್ಕೆ ಒಬ್ಬಿಬ್ಬರು ಇಂಥ ರೋಗಿಗಳನ್ನು ಕಾಣುವ ಆಸ್ಪತ್ರೆಗೆ ಮಗ್ಗುಲು ಬದಲಿಸುವ ಅಭ್ಯಾಸ ಬೀಳುವುದಿಲ್ಲ, ಮೂತ್ರಕೋಶದ ಸೂಕ್ಷ್ಮ ತಿಳಿಯುವುದಿಲ್ಲ. ನಲವತ್ತು ಜನ ಒಟ್ಟಿಗೆ ಇರುವ ವಾರ್ಡಿನಲ್ಲಿ ಅದು ದಿನಚರಿಯಾಗುತ್ತದೆ. ಇನ್ನೊಂದು ಲಾಭವೂ ಇದೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು: ನಿನ್ನೆ ಬಂದ ಹೊಸಬನು, ಆರು ತಿಂಗಳ ಹಿಂದೆ ಬಂದು ಈಗ ಗಾಲಿಕುರ್ಚಿಯಿಂದ ತಾನೇ ಹಾಸಿಗೆಗೆ ಜರುಗುವವನನ್ನು ಕಣ್ಣಾರೆ ನೋಡುತ್ತಾನೆ. ಅದನ್ನು ಯಾವ ವೈದ್ಯನೂ ಬಾಯಿಮಾತಿನಲ್ಲಿ ಕೊಡಲಾರ.

ಬೆಡ್‌ಬ್ರೂಕರ ವೃತ್ತಿಜೀವನದಲ್ಲಿ ಅತಿ ಹೆಚ್ಚು ವಾದಕ್ಕೆ ಸಿಕ್ಕ ಭಾಗಕ್ಕೆ ಈಗ ಬರುತ್ತೇನೆ. ಅವರು ನುರಿತ ಶಸ್ತ್ರಚಿಕಿತ್ಸಕರು. ಆದರೂ ಬೆನ್ನುಹುರಿಯ ಗಾಯದಲ್ಲಿ ಅವಸರದಿಂದ ಕತ್ತಿ ಹಿಡಿಯುವುದನ್ನು ಜೀವನವಿಡೀ ವಿರೋಧಿಸಿದರು.

ಆ ಕಾಲದಲ್ಲಿ ಲ್ಯಾಮಿನೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಬಹಳ ಬಳಕೆಯಲ್ಲಿತ್ತು. ಮಣಿಯ ಹಿಂಭಾಗದ ಕಮಾನನ್ನು ಕತ್ತರಿಸಿ ತೆಗೆದರೆ ಹುರಿಯ ಮೇಲಿನ ಒತ್ತಡ ಇಳಿಯುತ್ತದೆ, ಸ್ವಾಧೀನ ಮರಳುತ್ತದೆ ಎಂಬ ನಂಬಿಕೆ. ಪೂರ್ತಿ ಸ್ವಾಧೀನ ತಪ್ಪಿದವರಲ್ಲಿ ಸ್ವಾಧೀನ ಮರಳಲಿಲ್ಲ. ಮುಂಭಾಗ ಮೊದಲೇ ಜಜ್ಜಿಹೋಗಿದ್ದ ಬೆನ್ನುಮೂಳೆಗೆ ಹಿಂಭಾಗದಲ್ಲಿ ಉಳಿದಿದ್ದ ಆಧಾರವೂ ಹೋಗಿ, ಬೆನ್ನು ಇನ್ನಷ್ಟು ಬಾಗಿತು. ಇನ್ನೊಂದು ಕಡೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಫ್ರ್ಯಾಂಕ್ ಹೋಲ್ಡ್ಸ್‌ವರ್ತ್ ಎಂಬ ಮತ್ತೊಬ್ಬ ದೊಡ್ಡ ಮೂಳೆವೈದ್ಯರು ಅಸ್ಥಿರವಾದ ಮುರಿತಗಳಿಗೆ ಲೋಹದ ಪಟ್ಟಿ ಬಿಗಿಯಬೇಕು ಎನ್ನುತ್ತಿದ್ದರು. ಗುಟ್‌ಮನ್ ಅದನ್ನು ಒಪ್ಪಲಿಲ್ಲ. ಬೆಡ್‌ಬ್ರೂಕ್ ಕೂಡ ಒಪ್ಪಲಿಲ್ಲ. ಗುಟ್‌ಮನ್ ಹೇಳಿದಾಗ, ಅವರು ನರತಜ್ಞರು, ಮೂಳೆಯ ಬಗ್ಗೆ ಅವರಿಗೇನು ಗೊತ್ತು ಎನ್ನಬಹುದಿತ್ತು. ಬೆಡ್‌ಬ್ರೂಕರಿಗೆ ಹಾಗೆ ಹೇಳುವಂತಿರಲಿಲ್ಲ.

ಅವರ ಪಕ್ಷದ ವಾದ ಹೀಗಿತ್ತು. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಜರುಗಿದಂತೆ ಕಾಣುತ್ತದೆಯೋ ಅದು ಪೆಟ್ಟಿನ ನಂತರ ಮೂಳೆ ಬಂದು ನಿಂತ ಸ್ಥಿತಿ. ಬಿದ್ದ ಆ ಕ್ಷಣದಲ್ಲಿ ಅದು ಇದಕ್ಕಿಂತ ಬಹಳ ಹೆಚ್ಚು ಜರುಗಿರುತ್ತದೆ. ಹುರಿಯ ಹಾನಿ ಆಗುವುದು ಆಗಲೇ. ಈಗ ಕಾಣುವ ಒತ್ತಡವನ್ನು ತೆಗೆದ ಮಾತ್ರಕ್ಕೆ ಆಗಿಹೋದ ಹಾನಿ ವಾಪಸ್ ಬರುವುದಿಲ್ಲ. ಹೀಗಿರುವಾಗ ದಿಂಬುಗಳ ಆಸರೆಯಲ್ಲಿ ಬೆನ್ನನ್ನು ಸರಿಯಾದ ಬಾಗಿನಲ್ಲಿ ಇಟ್ಟು, ಎರಡು ಮೂರು ತಿಂಗಳು ಶಿಸ್ತಿನಿಂದ ಮಲಗಿಸಿದರೆ ಹೆಚ್ಚಿನ ಮುರಿತಗಳು ತಾವೇ ಕೂಡಿಕೊಳ್ಳುತ್ತವೆ.

ಇದನ್ನು ಅವರು ಬರಿಯ ಅಭಿಪ್ರಾಯವಾಗಿ ಹೇಳಲಿಲ್ಲ ಎಂಬುದು ಮುಖ್ಯ. ತೀರಿಕೊಂಡ ರೋಗಿಗಳ ಬೆನ್ನುಮೂಳೆ ಮತ್ತು ಹುರಿಯನ್ನು ಮರಣೋತ್ತರವಾಗಿ ಪರೀಕ್ಷಿಸಿ, ಬದುಕಿದ್ದಾಗಿನ ಎಕ್ಸ್‌ರೇ ಮತ್ತು ಸ್ವಾಧೀನದ ಚಾರ್ಟಿನೊಂದಿಗೆ ತಾಳೆ ನೋಡಿ, 1960ರ ದಶಕದಲ್ಲಿ ಪ್ರಕಟಿಸತೊಡಗಿದರು. ಪರ್ತ್‌ನ ನರರೋಗಶಾಸ್ತ್ರಜ್ಞ ಬೈರನ್ ಕಕುಲಾಸ್ ಆ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು. ಪೂರ್ತಿ ಸ್ವಾಧೀನ ತಪ್ಪಿದೆ ಎಂದು ಬರೆದಿದ್ದ ಎಷ್ಟೋ ರೋಗಿಗಳ ಹುರಿಯಲ್ಲಿ ಒಂದಿಷ್ಟು ತಂತುಗಳು ಕಡಿಯದೆ ಉಳಿದಿದ್ದವು ಎಂಬ ಮಹತ್ವದ ಸಂಗತಿ ಹೊರಬಂದದ್ದು ಈ ಪರ್ತ್ ಸಂಗ್ರಹದಿಂದ. ಇಂದು ಹುರಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ಚಲನೆ ತರಲು ನಡೆಯುತ್ತಿರುವ ಪ್ರಯೋಗಗಳ ಆಸೆ ನಿಂತಿರುವುದು ಹಾಗೆ ಉಳಿದ ತಂತುಗಳ ಮೇಲೆಯೇ. ಶಸ್ತ್ರಚಿಕಿತ್ಸೆ ಬೇಡ ಎನ್ನಲು ಶುರುವಾದ ಅಧ್ಯಯನವೊಂದು ಮುಂದಿನ ತಲೆಮಾರಿನ ಚಿಕಿತ್ಸೆಗೆ ದಾರಿ ತೋರಿಸಿದ್ದು ವಿಜ್ಞಾನದ ಸೊಗಸು.

ಹಾಗಾದರೆ ಬೆಡ್‌ಬ್ರೂಕರ ಮಾತಿನಂತೆ ಇಂದೂ ಶಸ್ತ್ರಚಿಕಿತ್ಸೆ ಬಿಡಬೇಕೇ? ಬಿಡಬಾರದು. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಯಾಕೆಂದರೆ ನಾಳೆ ಯಾರಾದರೂ ಈ ಉಪನ್ಯಾಸದ ಹೆಸರು ಹೇಳಿ ರೋಗಿಯನ್ನು ಮನೆಗೆ ಕರೆದೊಯ್ಯಬಾರದು. ಅವರ ಕಾಲದಲ್ಲಿ ಎಂಆರ್‌ಐ ಇರಲಿಲ್ಲ. ಮಣಿಯ ಕಾಂಡದೊಳಗೆ ಬಿಗಿಯುವ ಸ್ಕ್ರೂಗಳು ಮನೆಮಾತಾಗಿರಲಿಲ್ಲ. ಅರಿವಳಿಕೆಯೂ ಇಂದಿನಷ್ಟು ಸುರಕ್ಷಿತವಾಗಿರಲಿಲ್ಲ. ಇಂದು ಮುರಿದ ಬೆನ್ನನ್ನು ಗಟ್ಟಿಯಾಗಿ ಬಿಗಿದರೆ ರೋಗಿ ಕೆಲವೇ ದಿನಗಳಲ್ಲಿ ಎದ್ದು ಕೂರಬಹುದು. ಎರಡು ತಿಂಗಳು ಮಲಗುವುದು ತಪ್ಪುತ್ತದೆ ಎಂದರೆ ಹುಣ್ಣು, ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎಲ್ಲದರ ಅಪಾಯವೂ ಇಳಿಯುತ್ತದೆ. ಕುತ್ತಿಗೆಯ ಗಾಯಗಳಲ್ಲಿ 24 ಗಂಟೆಗಳೊಳಗೆ ಒತ್ತಡ ತೆಗೆದರೆ ಫಲ ಉತ್ತಮ ಎಂದು ಉತ್ತರ ಅಮೆರಿಕದ ಕೇಂದ್ರಗಳ ದೊಡ್ಡ ಅಧ್ಯಯನವೊಂದು 2012ರಲ್ಲಿ ತೋರಿಸಿತು. ಸ್ವಲ್ಪ ಸ್ವಾಧೀನ ಉಳಿದವರ ವಿಷಯದಲ್ಲಂತೂ ತಡಮಾಡುವಂತಿಲ್ಲ. ಈ ಅಂಶಗಳಲ್ಲಿ ಬೆಡ್‌ಬ್ರೂಕ್ ತಮ್ಮ ನಿಲುವನ್ನು ಬಹಳ ಬಿಗಿಯಾಗಿ ಹಿಡಿದರು ಎಂದೇ ನನ್ನ ಅಭಿಪ್ರಾಯ.

ಆದರೆ ಅವರ ವಾದದ ಬೇರು ಬೇರೆಡೆ ಇತ್ತು, ಅದು ಇಂದಿಗೂ ಗಟ್ಟಿಯಾಗಿದೆ. ಶಸ್ತ್ರಚಿಕಿತ್ಸೆ ಎನ್ನುವುದು ಈ ರೋಗಿಯ ಬದುಕಿನ ಮೂರು ನಾಲ್ಕು ಗಂಟೆ. ಉಳಿದ ದಶಕಗಳ ಹೊಣೆಯೂ ಅದೇ ವೈದ್ಯನದು. ಶೆಂಟನ್ ಪಾರ್ಕಿನಲ್ಲಿ ಮನೆಗೆ ಹೋದವರು ಜೀವಮಾನವಿಡೀ ಮತ್ತೆ ಮತ್ತೆ ತಪಾಸಣೆಗೆ ಬರುತ್ತಿದ್ದರು. ಮೂತ್ರಪಿಂಡ ಹೇಗಿದೆ, ಚರ್ಮ ಹೇಗಿದೆ, ಗಾಲಿಕುರ್ಚಿ ತಳ್ಳಿ ತಳ್ಳಿ ಭುಜ ಸವೆದಿದೆಯೇ, ಕೆಲಸ ಇದೆಯೇ, ಮನೆಯಲ್ಲಿ ನೆಮ್ಮದಿ ಇದೆಯೇ. ಮೂಳೆ ಕೂಡಿಕೊಂಡ ಮೇಲೂ ಮೂಳೆವೈದ್ಯನು ಈ ಪ್ರಶ್ನೆಗಳನ್ನು ಕೇಳಬೇಕು ಎಂಬುದು ಅವರು ನಮ್ಮ ವೃತ್ತಿಗೆ ಸೇರಿಸಿದ ಕರ್ತವ್ಯ. ಸರ್ಕಾರ 1978ರಲ್ಲಿ ಅವರಿಗೆ 'ಸರ್' ಪದವಿ ಕೊಟ್ಟಿತು. ಬೆನ್ನುಹುರಿ ತಜ್ಞರ ಅಂತಾರಾಷ್ಟ್ರೀಯ ಸಂಘಕ್ಕೆ ಅವರು ಅಧ್ಯಕ್ಷರೂ ಆದರು. 1991ರಲ್ಲಿ ತೀರಿಕೊಂಡರು.

ಕ್ರೀಡೆಯ ಸಂಗತಿಯನ್ನು ಹೇಳದೆ ಅವರ ಕಥೆ ಪೂರ್ತಿಯಾಗುವುದಿಲ್ಲ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಗುಟ್‌ಮನ್ ತಮ್ಮ ಆಸ್ಪತ್ರೆಯ ಹುಲ್ಲಿನ ಮೇಲೆ 16 ಮಾಜಿ ಸೈನಿಕ ರೋಗಿಗಳಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದ್ದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ ಅದು. ಪರ್ತ್‌ನಲ್ಲಿ ಶೆಂಟನ್ ಪಾರ್ಕಿನ ಅಂಗಳದಲ್ಲೂ ಬಾಸ್ಕೆಟ್‌ಬಾಲ್, ಈಜು, ಭರ್ಜಿ ಎಸೆತ ಶುರುವಾದವು. ಭುಜ, ತೋಳು ಬಲವಾಗಲೆಂದು ಶುರುವಾದ ವ್ಯಾಯಾಮ, ಒಂದು ಗುಂಪು ಇನ್ನೊಂದು ಗುಂಪನ್ನು ಸೋಲಿಸಬೇಕೆಂಬ ಹುರುಪಿಗೆ ತಿರುಗಿತು.

1962ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಪರ್ತ್‌ನಲ್ಲಿ ನಡೆಯಲಿತ್ತು. ಅದಕ್ಕೆ ಮೊದಲು ಗಾಲಿಕುರ್ಚಿಯವರ ಕಾಮನ್‌ವೆಲ್ತ್ ಕೂಟವೂ ಇದೇ ಊರಿನಲ್ಲಿ ನಡೆಯಬೇಕು ಎಂದು ಬೆಡ್‌ಬ್ರೂಕ್ ಪಟ್ಟು ಹಿಡಿದರು. ನವೆಂಬರ್ 10ರಿಂದ 17ರವರೆಗೆ ಮೊದಲ ಕಾಮನ್‌ವೆಲ್ತ್ ಪ್ಯಾರಾಪ್ಲೀಜಿಕ್ ಕ್ರೀಡಾಕೂಟ ನಡೆಯಿತು. ಒಂಬತ್ತು ತಂಡಗಳು ಬಂದವು, ಭಾರತವೂ ಅದರಲ್ಲಿತ್ತು. ಕ್ರೀಡಾಪಟುಗಳು ಉಳಿದುಕೊಂಡದ್ದು ಕ್ಲೇರ್‌ಮಾಂಟ್‌ನ ಕೃಷಿ ಪ್ರದರ್ಶನದ ಮೈದಾನದಲ್ಲಿ. ಗಾಲಿಕುರ್ಚಿ ಹಿಡಿಯುವ ವಿಮಾನವಿಲ್ಲ, ಬಸ್ಸಿಲ್ಲ, ಇಳಿಜಾರಿನ ದಾರಿಯಿಲ್ಲ. ಒಬ್ಬೊಬ್ಬರನ್ನೂ ಎತ್ತಿ ಇಳಿಸಬೇಕಾಗಿದ್ದ ಕಾಲ ಅದು. ಮುಂದೆ ಕಿಂಗ್‌ಸ್ಟನ್, ಎಡಿನ್‌ಬರೊ, ಡುನೆಡಿನ್‌ಗಳಲ್ಲಿ ಈ ಕೂಟ ನಡೆದು, 1974ರ ನಂತರ ನಿಂತಿತು. ಪರ್ತ್‌ನ ಜನರು ಮಾತ್ರ ಆ ಒಂದು ವಾರದಲ್ಲಿ, ಮನೆಯೊಳಗೆ ಮುಚ್ಚಿಡುವ ರೋಗಿಗಳು ಎಂದುಕೊಂಡಿದ್ದವರನ್ನು ಊರಿನ ನಡುವೆ ಅತಿಥಿಗಳಾಗಿ, ಸ್ಪರ್ಧಿಗಳಾಗಿ ನೋಡಿದರು.

ಇದೇ ಹೊತ್ತಿಗೆ ಜಪಾನಿನಲ್ಲಿ ಇನ್ನೊಬ್ಬ ಮೂಳೆವೈದ್ಯ, ಯುಟಾಕಾ ನಕಾಮುರಾ, ಸ್ಟೋಕ್ ಮ್ಯಾಂಡೆವಿಲ್ ನೋಡಿ ಬಂದು 1964ರ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ದುಡಿದರು. ಅಲ್ಲಿಗೆ ಬಂದ ವಿದೇಶೀ ಕ್ರೀಡಾಪಟುಗಳಿಗೆ ಊರಿನಲ್ಲಿ ಉದ್ಯೋಗವಿದೆ, ತಮ್ಮ ಜಪಾನಿ ಕ್ರೀಡಾಪಟುಗಳು ಆಸ್ಪತ್ರೆಯ ಹಾಸಿಗೆಯಿಂದಲೇ ಬಂದವರು ಎಂಬುದು ಅವರನ್ನು ಚುಚ್ಚಿತು. ಮರುವರ್ಷ ಬೆಪ್ಪು ನಗರದಲ್ಲಿ ಅಂಗವಿಕಲರಿಗಾಗಿ ಕಾರ್ಖಾನೆ ಕಟ್ಟಿದರು. ದಾನ ಬೇಡ, ಅವಕಾಶ ಕೊಡಿ ಎಂಬುದು ಅದರ ಘೋಷಣೆ. ಮೂಳೆವೈದ್ಯರು ಕಾರ್ಖಾನೆ ಕಟ್ಟುವುದು, ಕ್ರೀಡಾಕೂಟ ನಡೆಸುವುದು ನಮ್ಮ ವೃತ್ತಿಯ ಹೊರಗಿನ ಹವ್ಯಾಸ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದೂ ಚಿಕಿತ್ಸೆಯೇ.

ಪರ್ತ್‌ನಿಂದ ನಮ್ಮ ಕಡೆಗೂ ಒಂದು ದಾರಿ ಇದೆ. ಬೆಡ್‌ಬ್ರೂಕರ ಘಟಕ ಶುರುವಾದ ವರ್ಷವೇ, 1954ರ ಜನವರಿಯಲ್ಲಿ, ವೆಲ್ಲೂರಿನಲ್ಲಿ ಕಾರು ಅಪಘಾತವೊಂದು ನಡೆಯಿತು. ಕೊಚ್ಚಿಯಲ್ಲಿ ಹುಟ್ಟಿದ ತರುಣ ವೈದ್ಯೆ ಮೇರಿ ವರ್ಗೀಸ್ ಅವರ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕುಷ್ಠರೋಗಿಗಳ ಕೈ ಶಸ್ತ್ರಚಿಕಿತ್ಸೆಯನ್ನು ಕೂತುಕೊಂಡೇ ಮಾಡಬಹುದು ಎಂದು ಅಲ್ಲಿನ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್ ಮೇರಿಯವರನ್ನು ಪ್ರೋತ್ಸಾಹಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕೂತು ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಪರ್ತ್‌ಗೆ ಹೋಗಿ ಪುನಶ್ಚೇತನ ಪಡೆದರು, ಆಮೇಲೆ ನ್ಯೂಯಾರ್ಕ್‌ನಲ್ಲಿ ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ತರಬೇತಿ ಪಡೆದು ಮರಳಿದರು. 1963ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನಶ್ಚೇತನ ವಿಭಾಗವನ್ನು ವಹಿಸಿಕೊಂಡರು. 1966ರಲ್ಲಿ ರೋಗಿಗಳು ಉಳಿದುಕೊಂಡು ತರಬೇತಿ ಪಡೆಯುವ ಕೇಂದ್ರ ಅಲ್ಲಿ ತೆರೆಯಿತು. ಕೋಲಾರ, ಬೆಂಗಳೂರು ಕಡೆಯ ಎಷ್ಟೋ ಮನೆಯವರು ವೆಲ್ಲೂರಿಗೆ ಹೋಗಿ ಗಾಲಿಕುರ್ಚಿಯ ಬದುಕು ಕಲಿತು ಬಂದಿದ್ದಾರೆ. 1972ರಲ್ಲಿ ಮೇರಿ ವರ್ಗೀಸ್ ಅವರಿಗೆ ಪದ್ಮಶ್ರೀ ಬಂತು.

ಈಗ ನಮ್ಮ ಊರು. ಮಲೆನಾಡು, ಕರಾವಳಿಯಲ್ಲಿ ಬೆನ್ನು ಮುರಿಯುವ ಕಾರಣಗಳನ್ನು ನಿಮಗೆ ಹೇಳಬೇಕಾಗಿಲ್ಲ. ಅಡಿಕೆ ಮರ, ತೆಂಗಿನ ಮರ, ಕಾಳುಮೆಣಸಿನ ಏಣಿ, ಕಟ್ಟಡದ ಸಾರುವೆ, ಬೈಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರಕ್ಕೆ ಔಷಧಿ ಹೊಡೆಯಲು ಹತ್ತಿದವರು, ಕೊಯ್ಲಿನಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಕೊನೆಗಾರರು. ಇತ್ತೀಚೆಗೆ ನೆಲದಲ್ಲೇ ನಿಂತು ಕೊಯ್ಯುವ, ಔಷಧಿ ಹೊಡೆಯುವ ಹಗುರ ಫೈಬರ್ ದೋಟಿಗಳು ತೋಟಗಳಿಗೆ ಬಂದಿವೆ. ಅವು ತುಟ್ಟಿ, ಕಲಿಯಲು ತಾಳ್ಮೆ ಬೇಕು. ಆದರೂ ಬೆನ್ನುಹುರಿಯ ಗಾಯಕ್ಕೆ ನನಗೆ ತಿಳಿದ ಅತ್ಯುತ್ತಮ ಚಿಕಿತ್ಸೆ ಅದೇ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಬಿದ್ದವರನ್ನು ಎತ್ತುವ ರೀತಿ ಬದಲಾಗಬೇಕು. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸುವುದು, ಕಾಲು ಒಬ್ಬರು ತಲೆ ಒಬ್ಬರು ಹಿಡಿದು ಜೋಲಿ ಮಾಡುವುದು, ಆಟೋದ ಹಿಂದಿನ ಸೀಟಿನಲ್ಲಿ ಮಡಚಿ ತುಂಬುವುದು, ಇವೆಲ್ಲ ಉಳಿದಿದ್ದ ನಾಲ್ಕು ತಂತುಗಳನ್ನೂ ಕಡಿಯಬಹುದು. ತೋಟದಲ್ಲಿ ಹಲಗೆ ಇದ್ದೇ ಇರುತ್ತದೆ, ಹಳೆಯ ಬಾಗಿಲಾದರೂ ಸಾಕು. ಒಬ್ಬರು ತಲೆ, ಕತ್ತನ್ನು ನೇರವಾಗಿ ಹಿಡಿದು ಲೆಕ್ಕ ಹೇಳಬೇಕು. ಉಳಿದ ಮೂವರು ಭುಜ, ಸೊಂಟ, ಕಾಲು ಹಿಡಿದು ಇಡೀ ದೇಹವನ್ನು ಒಂದೇ ಏಟಿಗೆ ಮಗ್ಗುಲಿಗೆ ಹೊರಳಿಸಿ, ಹಲಗೆ ತೂರಿಸಿ, ಮತ್ತೆ ಒಂದೇ ಏಟಿಗೆ ಮಲಗಿಸಬೇಕು. ಕತ್ತಿನ ಎರಡೂ ಬದಿಗೆ ಸುತ್ತಿದ ಟವೆಲ್ ಇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರಲು ಅರ್ಧ ಗಂಟೆ ತಡವಾದರೂ ಆಟೋಗಿಂತ ಅದು ಮೇಲು.

ಆಮೇಲಿನ ವಿಷಯ ಹೇಳುವಾಗ ನನಗೆ ಸಂಕಟವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಹೇಗೋ ಹಣ ಹೊಂದುತ್ತದೆ. ಯೋಜನೆ ಇರುತ್ತದೆ, ಇಲ್ಲವೇ ಸಾಲ, ಒಡವೆ. ಸ್ಕ್ರೂ ಬಿಗಿದು ಹೊಲಿಗೆ ಬಿಚ್ಚಿದ ಮೇಲೆ ಮೂತ್ರದ ನಳಿಕೆ ಹಾಕಿದಂತೆಯೇ ರೋಗಿಯನ್ನು ಮನೆಗೆ ಕಳಿಸುತ್ತೇವೆ. ಎಕ್ಸ್‌ರೇ ನೋಡಿದರೆ ಮನಸ್ಸು ತುಂಬುವಂಥ ಕೆಲಸ. ಎರಡು ತಿಂಗಳಲ್ಲಿ ಅದೇ ಮನುಷ್ಯ ಅಂಗೈ ಅಗಲದ ಹುಣ್ಣಿನೊಂದಿಗೆ ಬರುತ್ತಾನೆ. ಇಷ್ಟೆಲ್ಲ ಲೋಹ ಇಲ್ಲದ ಶೆಂಟನ್ ಪಾರ್ಕಿನಲ್ಲಿ ಯಾವುದನ್ನು ತಡೆಯಲು ಶ್ರಮಿಸುತ್ತಿದ್ದರೋ ಅದೇ ಇಲ್ಲಿ ಆಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಪುನಶ್ಚೇತನ ವಿಭಾಗವಿದೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಬಳಿ ಸೇವಾಧಾಮದಂಥ ಕೇಂದ್ರ ಬೆನ್ನುಹುರಿ ಗಾಯಾಳುಗಳಿಗಾಗಿಯೇ ಕೆಲಸ ಮಾಡುತ್ತಿದೆ. ಇಂಥವು ಜಿಲ್ಲೆಗೊಂದು ಬೇಕು.

ಮನೆಯವರಿಗೆ ಕೆಲವು ಮಾತು. ಗಾಲಿಕುರ್ಚಿಯಲ್ಲಿ ಕೂತವರು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಮೈಯನ್ನು ಎತ್ತಲೇಬೇಕು. ಚಳಿಗಾಲದಲ್ಲಿ ಅಗ್ಗಿಷ್ಟಿಕೆಯ ಹತ್ತಿರ ಕಾಲು ಚಾಚಿ ಕೂರಿಸಬೇಡಿ, ಬಿಸಿನೀರಿನ ಬಾಟಲಿ ಇಡಬೇಡಿ; ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಶುದ್ಧ ಕೈಯಿಂದ ತಾವೇ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಕಲಿತವರಿಗೆ, ಸದಾ ನಳಿಕೆ ಇಟ್ಟುಕೊಂಡವರಿಗಿಂತ ಸೋಂಕು ಕಡಿಮೆ. ಎದೆಯ ಆರನೆಯ ಮಣಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಗಾಯವಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪೇರಿ ಬೆವರು ಬಂದರೆ ಅದು ರಕ್ತದೊತ್ತಡ ಅಪಾಯಕ್ಕೆ ಏರಿದ ಸೂಚನೆ. ಕೂಡಲೇ ಎಬ್ಬಿಸಿ ಕೂರಿಸಿ, ನಳಿಕೆ ಮಡಚಿದೆಯೇ, ಮೂತ್ರ ಕಟ್ಟಿದೆಯೇ, ಮಲ ಕಟ್ಟಿದೆಯೇ, ಬಟ್ಟೆ ಬಿಗಿದಿದೆಯೇ ನೋಡಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಓಡಿ, ತಲೆನೋವಿನ ಮಾತ್ರೆ ಕೊಟ್ಟು ಕಾಯಬೇಡಿ. ಇನ್ನು ಮನೆಯ ಹೊಸ್ತಿಲು, ಬಚ್ಚಲಿನ ಬಾಗಿಲು. ನಮ್ಮ ಹಳೆಯ ಮನೆಗಳ ಹೊಸ್ತಿಲು ಎತ್ತರ, ಬಚ್ಚಲಿನ ಬಾಗಿಲು ಕಿರಿದು. ದುಬಾರಿ ಗಾಲಿಕುರ್ಚಿ ಕೊಳ್ಳುವ ಮೊದಲು ಬಡಗಿಯನ್ನು, ಗಾರೆಯವರನ್ನು ಕರೆಸಿ.

ಉಪನ್ಯಾಸದ ನಂತರ ಎರಡು ಪ್ರಶ್ನೆಗಳು ಬಂದವು.

ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ನಾವು ಇಬ್ಬರೇ ಇರುತ್ತೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ ಸಾಧ್ಯ?" ಕಷ್ಟವೆಂಬುದು ನನಗೂ ಗೊತ್ತು. ಮನೆಯವರಿಗೆ ಮೊದಲ ದಿನದಿಂದಲೇ ಕಲಿಸಿ, ಡಿಸ್‌ಚಾರ್ಜ್ ದಿನಕ್ಕೆ ಇಟ್ಟುಕೊಳ್ಳಬೇಡಿ ಎಂದೆ. ಪೂರ್ತಿ ಹೊರಳಿಸಲು ಆಗದಿದ್ದರೆ ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿದರೂ ತ್ರಿಕಾಸ್ಥಿಯ ಮೇಲಿನ ಒತ್ತಡ ತಪ್ಪುತ್ತದೆ. ಹಾಸಿಗೆಯ ಕಾಲಬಳಿ ಗಂಟೆ ಬರೆದ ಚೀಟಿ ತೂಗುಹಾಕಿ, ತಿರುಗಿಸಿದವರು ಸಹಿ ಹಾಕಲಿ. ಸಹಿ ಇಲ್ಲದ ಜಾಗ ಬೆಳಿಗ್ಗೆ ರೌಂಡ್ಸಿಗೆ ಬಂದ ವೈದ್ಯರ ಕಣ್ಣಿಗೆ ಬಿದ್ದರೆ ಇನ್ನೊಬ್ಬ ಸಿಬ್ಬಂದಿಯನ್ನು ಕೇಳಲು ನಿಮಗೆ ಅದೇ ದಾಖಲೆಯಾಗುತ್ತದೆ.

ಗಾಲಿಕುರ್ಚಿಯಲ್ಲಿದ್ದ ಹೊಲಿಗೆ ಕೆಲಸದವರೊಬ್ಬರ ಪ್ರಶ್ನೆ ನನ್ನ ವಿಷಯಕ್ಕೆ ಇನ್ನೂ ಹತ್ತಿರದ್ದಾಗಿತ್ತು. ಮರದಿಂದ ಬಿದ್ದು ಹತ್ತು ವರ್ಷದ ಮೇಲಾಗಿದೆ, ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಆದರೆ ಅವರ ಊರಿನ ಬ್ಯಾಂಕಿಗೆ ಮೂರು ಮೆಟ್ಟಿಲು. ಹಣ ಕಟ್ಟಲು ಪ್ರತಿ ಸಲ ಯಾರನ್ನಾದರೂ ಬೇಡಬೇಕು. "ಇದಕ್ಕೆ ಡಾಕ್ಟರ ಹತ್ತಿರ ಔಷಧಿ ಇದೆಯೇ?" ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಸೇವೆ ಕೊಡುವ ಕಟ್ಟಡಗಳು ಗಾಲಿಕುರ್ಚಿಯವರಿಗೂ ಪ್ರವೇಶಿಸಲು ಅನುಕೂಲವಾಗಿರಬೇಕು. ಸಭೆ ಮುಗಿದ ಮೇಲೆ ನಾವಿಬ್ಬರೂ ಅಲ್ಲೇ ಕೂತು ಶಾಖೆಯ ವ್ಯವಸ್ಥಾಪಕರಿಗೆ ಕನ್ನಡದಲ್ಲಿ ಪತ್ರ ಬರೆದೆವು. ಅವರು ಅರ್ಜಿದಾರರಾಗಿ ಸಹಿ ಮಾಡಿದರು, ಚಿಕಿತ್ಸೆ ನೀಡುವ ವೈದ್ಯನಾಗಿ ನಾನು ಅದರ ಕೆಳಗೆ ಮಾಡಿದೆ. ಒಂದು ಪ್ರತಿ ಜಿಲ್ಲೆಯ ಅಂಗವಿಕಲರ ಕಲ್ಯಾಣಾಧಿಕಾರಿಗೆ ಹೋಗಿದೆ. ಇಳಿಜಾರು ಕಟ್ಟಲು ಒಂದು ದಿನದ ಗಾರೆ ಕೆಲಸ ಸಾಕು, ಅದರ ಅಳತೆಯನ್ನೂ ಪತ್ರದಲ್ಲೇ ಕೊಟ್ಟಿದ್ದೇವೆ: ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ.